ಬಿಡುಗಡೆ ಎಂಬ ಮಾತಿನ ಭಾರ



ಓದಲೆಂದು ಹಿರಿಯರು ಕಿರಿಯರ ಕೈಗೆ ಪುಸ್ತಕ ಕೊಡುವುದು ವಾಡಿಕೆ. ಕಳೆದ ಮಳೆಗಾಲದಲ್ಲಿ ನನ್ನ ಪಾಲಿಗೆ ಅದು ತಿರುವುಮುರುವಾಯಿತು. ಆಟಿಯ ಮಳೆ ಬಿಡದೆ ಸುರಿಯುತ್ತಿದ್ದ ಆ ವಾರ ನಾನು ಬೆಳ್ಮಣ್ಣಿನ ನಮ್ಮ ಮೂಲಮನೆಯಲ್ಲಿದ್ದೆ. ಅಲ್ಲಿ ನನ್ನ ತಾಯಿ ಇದ್ದಾರೆ, ವಯಸ್ಸು 86. ನಾಲ್ಕು ವರ್ಷಗಳಿಂದ ಅವರ ನೆನಪು ಎಳೆಎಳೆಯಾಗಿ ಕಳಚಿಕೊಳ್ಳುತ್ತಿದೆ. ಮೊದಲು ಇತ್ತೀಚಿನ ದಿನಗಳು ಹೋದವು, ಬಳಿಕ ಮೊಮ್ಮಕ್ಕಳ ಹೆಸರುಗಳು, ಈಗ ಮಕ್ಕಳ ಹೆಸರುಗಳೂ ಹೋಗಿವೆ. ಆದರೆ ಮಧ್ಯಾಹ್ನದ ಹೊತ್ತು ಜಗಲಿಯಲ್ಲಿ ಕುಳಿತಾಗ ಅವರ ಬೆರಳುಗಳು ಇಂದಿಗೂ ಮಲ್ಲಿಗೆ ಕಟ್ಟುತ್ತವೆ. ಮಡಿಲಲ್ಲಿ ಹೂವಿಲ್ಲ, ಬಾಳೆನಾರೂ ಇಲ್ಲ. ಬೆರಳುಗಳು ಮಾತ್ರ ಗಂಟು ಹಾಕುತ್ತಲೇ ಇರುತ್ತವೆ. ನಮ್ಮ ಶಾಲೆಯ ಶುಲ್ಕ, ನನ್ನ ಗುರುಮಠದ ಪೆಟ್ಟಿಗೆ, ತಂಗಿಯ ಮದುವೆಯ ಸೀರೆ ಎಲ್ಲವೂ ಆ ಚೆಂಡು, ಅಟ್ಟೆಗಳ ಲೆಕ್ಕದಿಂದಲೇ ಬಂದವು.

ಒಂದು ಸಂಜೆ ಜಪಸರ ಮುಗಿದ ಮೇಲೆ, ಮನೆಗೆ ಬಂದ ಗುರುವೆಂಬ ಸಲುಗೆಯಿಂದ ನಾನೊಂದು ಪ್ರಾರ್ಥನೆಯನ್ನು ಸೇರಿಸಿದೆ. ಪ್ರಭು ತನ್ನ ಈ ದಾಸಿಗೆ ಬೇಗನೆ ಬಿಡುಗಡೆಯನ್ನು ಅನುಗ್ರಹಿಸಲಿ ಎಂದು ಬೇಡಿದೆ. ಅಣ್ಣ, ಅತ್ತಿಗೆ ಆಮೆನ್ ಎಂದರು. ದ್ವಿತೀಯ ಪಿಯುಸಿಯಲ್ಲಿ ಓದುತ್ತಿರುವ ಅಣ್ಣನ ಮಗಳು ಮಾತ್ರ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಕಾಫಿ ಲೋಟದ ಪಕ್ಕದಲ್ಲಿ ತೆಳ್ಳಗಿನ ಇಂಗ್ಲಿಷ್ ಕಾದಂಬರಿಯೊಂದು ಇತ್ತು. “ಬಾಪ್ಪು, ಇದನ್ನು ಓದಿ ಮುಗಿಸಿ. ಆಮೇಲೆ ನಿನ್ನೆಯ ಪ್ರಾರ್ಥನೆಯ ವಿಷಯ ಮಾತಾಡೋಣ” ಎಂದು ಹೇಳಿ ಅವಳು ಕಾಲೇಜಿನ ಬಸ್ಸಿಗೆ ಓಡಿದಳು.

ಆ ಪುಸ್ತಕದ ಹೆಸರು ‘ದಿ ಗಿವರ್’. ಕೊಡುವಾತ, ದಾತ ಎಂದು ಅರ್ಥ. ಬರೆದವರು ಅಮೆರಿಕದ ಲೋಯಿಸ್ ಲೌರಿ ಎಂಬ ಲೇಖಕಿ, ಜನನ 1937ರಲ್ಲಿ. ಕಾದಂಬರಿ ಪ್ರಕಟವಾದದ್ದು 1993ರಲ್ಲಿ. ಅಮೆರಿಕದ ಮಕ್ಕಳ ಸಾಹಿತ್ಯಕ್ಕೆ ಸಲ್ಲುವ ದೊಡ್ಡ ಗೌರವವಾದ ನ್ಯೂಬೆರಿ ಪದಕ ಇದಕ್ಕೆ 1994ರಲ್ಲಿ ದೊರೆಯಿತು. ಅದೇ ದಶಕದಲ್ಲಿ, ಇದನ್ನು ಶಾಲೆಗಳಿಂದ ತೆಗೆದುಹಾಕಬೇಕೆಂದು ಅಲ್ಲಿನ ಪೋಷಕರಲ್ಲಿ ಅನೇಕರು ದೂರು ಕೊಟ್ಟದ್ದೂ ಉಂಟು. 2014ರಲ್ಲಿ ಇದು ಚಲನಚಿತ್ರವಾಯಿತು. ನಮ್ಮ ಮಕ್ಕಳಲ್ಲಿ ಕೆಲವರು ಚಿತ್ರವನ್ನು ಫೋನಿನಲ್ಲೇ ನೋಡಿರಬಹುದು. ಆದರೂ ಪುಸ್ತಕವನ್ನು ಓದುವುದು ಮೇಲು.

ಇಂಥ ಕಾದಂಬರಿಗಳದ್ದು ಒಂದು ಪ್ರತ್ಯೇಕ ವರ್ಗ. ಹೊರಗಿನಿಂದ ಅಚ್ಚುಕಟ್ಟಾಗಿ ಕಾಣುವ ಒಂದು ಸಮಾಜವನ್ನು ಕಲ್ಪಿಸಿ, ಅದರ ಒಳಗಿನ ಕೊಳೆತವನ್ನು ತೋರಿಸುವುದು ಇವುಗಳ ಕೆಲಸ. ಹಕ್ಸ್‌ಲಿ 1932ರಲ್ಲಿ, ಆರ್ವೆಲ್ 1949ರಲ್ಲಿ ಇದನ್ನು ಮಾಡಿದರು. ಅವರಿಬ್ಬರಿಗಿಂತ ಮೊದಲೇ, 1907ರಲ್ಲಿ, ರಾಬರ್ಟ್ ಹ್ಯೂ ಬೆನ್ಸನ್ ಎಂಬ ಕಥೋಲಿಕ ಗುರು ‘ಲಾರ್ಡ್ ಆಫ್ ದ ವರ್ಲ್ಡ್’ ಎಂಬ ಕಾದಂಬರಿ ಬರೆದು, ಮರಣವನ್ನು ಸರಕಾರವೇ ಸೇವೆಯಂತೆ ಒದಗಿಸುವ ದಿನವನ್ನು ಕಲ್ಪಿಸಿದ್ದರು. ಜಗದ್ಗುರು ಫ್ರಾನ್ಸಿಸರು ಆ ಕೃತಿಯನ್ನು ಓದುವಂತೆ ಹೇಳಿದ್ದರು. ಈಗಿನ ಹದಿಹರೆಯದವರಿಗೆ ಪರಿಚಿತವಾದದ್ದು 2008ರ ‘ಹಂಗರ್ ಗೇಮ್ಸ್’. ಅದರಲ್ಲಿ ಬಿಲ್ಲು ಬಾಣವಿದೆ, ರಕ್ತವಿದೆ, ಕ್ರೂರ ಅಧ್ಯಕ್ಷನಿದ್ದಾನೆ. ಶತ್ರು ಯಾರೆಂದು ಗುರುತಿಸುವುದು ಸುಲಭ. ಲೌರಿಯವರ ಕಾದಂಬರಿಯಲ್ಲಿ ಕ್ರೂರಿಗಳೇ ಇಲ್ಲ. ಎಲ್ಲರೂ ಸಭ್ಯರು, ತಪ್ಪಿದರೆ ಕ್ಷಮೆ ಕೇಳುವವರು, ಮಕ್ಕಳನ್ನು ಮುದ್ದಾಗಿ ಮಾತಾಡಿಸುವವರು. ಅದಕ್ಕಾಗಿಯೇ ಇದು ಹೆಚ್ಚು ಭಯ ಹುಟ್ಟಿಸುತ್ತದೆ.

ಕಥೆಯನ್ನು ಸ್ವಲ್ಪ ಹೇಳದೆ ಮುಂದಿನ ಮಾತು ಸಾಗದು. ಜೋನಾಸ್ ಎಂಬ ಹುಡುಗನಿಗೆ ಹನ್ನೆರಡು ತುಂಬಲಿದೆ. ಅವನ ಊರಿನಲ್ಲಿ ಹಸಿವಿಲ್ಲ, ಜಗಳವಿಲ್ಲ, ಬಣ್ಣವೂ ಇಲ್ಲ. ಗುಡ್ಡಗಳನ್ನು ಸಮ ಮಾಡಿದ್ದಾರೆ, ಹಿಮ ಬೀಳದಂತೆ ಹವೆಯನ್ನು ಹತೋಟಿಗೆ ತಂದಿದ್ದಾರೆ. ಪ್ರತಿ ಮನೆಗೆ ಒಂದು ಗಂಡು, ಒಂದು ಹೆಣ್ಣು ಮಗು. ಅವು ಹೆತ್ತವರ ಮಕ್ಕಳಲ್ಲ, ಅರ್ಜಿ ಹಾಕಿ ಪಡೆದ ಮಕ್ಕಳು. ಹೆರುವುದಕ್ಕೆಂದೇ ಕೆಲವು ಹೆಂಗಸರನ್ನು ನೇಮಿಸಿದ್ದಾರೆ. ಮೂರು ಹೆರಿಗೆಯಾದ ಮೇಲೆ ಅವರನ್ನು ಕೂಲಿ ಕೆಲಸಕ್ಕೆ ಕಳುಹಿಸುತ್ತಾರೆ. ಸಂಜೆ ಊಟವಾದ ಮೇಲೆ ಮನೆಯವರೆಲ್ಲ ಕುಳಿತು ಅಂದಿನ ಭಾವನೆಗಳನ್ನು ಹೇಳಿಕೊಳ್ಳಬೇಕೆಂಬುದು ನಿಯಮ. ಮನೆಯವರಲ್ಲದವರನ್ನು ಮುಟ್ಟುವುದು ಅಸಭ್ಯತೆ. ಹನ್ನೆರಡಕ್ಕೆ ಕಾಲಿಟ್ಟ ಮಕ್ಕಳಿಗೆ ಹಿರಿಯರ ಮಂಡಳಿ ಸಭೆಯಲ್ಲಿ ಜೀವಮಾನದ ಉದ್ಯೋಗವನ್ನು ಗೊತ್ತುಪಡಿಸುತ್ತದೆ. ಜೋನಾಸನಿಗೆ ಸಿಗುವುದು ಅಪೂರ್ವವಾದ ಕೆಲಸ: ಅವನು ನೆನಪುಗಳ ಧಾರಕನಾಗಬೇಕು.

ಏಕೆಂದರೆ ಈ ಊರು ತನ್ನ ನೆನಪುಗಳನ್ನೆಲ್ಲ ಬಿಟ್ಟುಕೊಟ್ಟಿದೆ. ಯುದ್ಧ, ಬರ, ಪ್ರೀತಿ, ಕೆಂಪು ಬಣ್ಣ, ಅಜ್ಜ ಅಜ್ಜಿ ಎಲ್ಲವನ್ನೂ ಒಬ್ಬನೇ ಮುದುಕನ ತಲೆಯ ಮೇಲೆ ಹೊರಿಸಿ ಉಳಿದವರು ನೆಮ್ಮದಿಯಿಂದಿದ್ದಾರೆ. ಆ ಮುದುಕ ಹುಡುಗನ ಬೆನ್ನ ಮೇಲೆ ಅಂಗೈಗಳನ್ನಿಟ್ಟು ನೆನಪುಗಳನ್ನು ದಾಟಿಸುತ್ತಾನೆ. ಮೊದಲು ಹಿಮದ ಇಳಿಜಾರಿನಲ್ಲಿ ಜಾರುಬಂಡಿಯ ಸಂತೋಷ, ಅನಂತರ ಬಿಸಿಲು, ಮುರಿದ ಕಾಲಿನ ನೋವು, ಕೊನೆಗೆ ರಣರಂಗದಲ್ಲಿ ನೀರು ಬೇಡುತ್ತಾ ಸಾಯುವ ಬಾಲಕ. ಪಡೆಯುವಾತ ಬಂದುದರಿಂದ ಮುದುಕ ಈಗ ಕೊಡುವಾತನಾದ.

ಇನ್ನು ಆ ಪದಕ್ಕೆ ಬರೋಣ. ಕಾದಂಬರಿಯ ಮೊದಲ ಪುಟಗಳಿಂದಲೇ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ದಾರಿ ತಪ್ಪಿ ಊರ ಮೇಲೆ ವಿಮಾನ ಹಾರಿಸಿದವನಿಗೆ ಬಿಡುಗಡೆ. ಮೂರು ಬಾರಿ ನಿಯಮ ಮೀರಿದವನಿಗೆ ಬಿಡುಗಡೆ. ವೃದ್ಧರಿಗೆ ಹಾಡು, ಭಾಷಣಗಳ ಸಮಾರಂಭದೊಂದಿಗೆ ಬಿಡುಗಡೆ. ತೂಕ ಹೆಚ್ಚದ, ರಾತ್ರಿ ನಿದ್ರಿಸದ ಹಸುಗೂಸಿಗೆ ಬಿಡುಗಡೆ. ಬಿಡುಗಡೆಯಾದವರು ಎಲ್ಲಿಗೆ ಹೋಗುತ್ತಾರೆಂದು ಯಾರೂ ಕೇಳುವುದಿಲ್ಲ. ಎಲ್ಲೋ ಬೇರೆಡೆಗೆ ಎಂಬ ಉತ್ತರ ಸಾಕು. ಜೋನಾಸನ ತಂದೆ ಶಿಶುಪಾಲನಾ ಕೇಂದ್ರದ ನೌಕರ, ಮೃದು ಸ್ವಭಾವದವನು. ಅವಳಿ ಮಕ್ಕಳು ಹುಟ್ಟಿದಾಗ ಇಬ್ಬರನ್ನೂ ತೂಗಿ, ಹಗುರವಾದ ಮಗುವಿಗೆ ಬಿಡುಗಡೆ ಕೊಡುವುದು ಅವನ ಕೆಲಸ. ಮಗ ಅದರ ಚಿತ್ರೀಕರಣವನ್ನು ನೋಡುತ್ತಾನೆ. ತಂದೆ ಮಗುವಿನೊಂದಿಗೆ ಮುದ್ದು ಮಾತಾಡುತ್ತಲೇ ಅದರ ನೆತ್ತಿಯ ನರಕ್ಕೆ ಸೂಜಿ ಚುಚ್ಚುತ್ತಾನೆ, ಮಗು ನಿಶ್ಚಲವಾಗುತ್ತದೆ, ಪೆಟ್ಟಿಗೆಯೊಂದರಲ್ಲಿಟ್ಟು ಕಸದ ಕಿಂಡಿಗೆ ತಳ್ಳಿ ಕೈಬೀಸುತ್ತಾನೆ. ಎರಡು ಪುಟಗಳಷ್ಟೂ ಇಲ್ಲದ ಈ ದೃಶ್ಯವನ್ನು ಓದಿ ನಾನು ಪುಸ್ತಕವನ್ನು ಮುಚ್ಚಿಟ್ಟೆ. ಆಚೆ ಕೋಣೆಯಲ್ಲಿ ತಾಯಿ ಕೆಮ್ಮುತ್ತಿದ್ದರು. ಆ ಹುಡುಗಿ ನನಗೆ ಈ ಪುಸ್ತಕವನ್ನು ಏಕೆ ಕೊಟ್ಟಳೆಂದು ಆಗ ತಿಳಿಯಿತು.

ಬಿಡುಗಡೆ ಎಂಬುದು ನಮ್ಮ ಪವಿತ್ರ ಪದಗಳಲ್ಲೊಂದು. ಈಜಿಪ್ಟಿನ ದಾಸ್ಯದಿಂದ ಇಸ್ರಯೇಲರು ಪಡೆದದ್ದು ಬಿಡುಗಡೆ, ಪ್ರಭು ಯೇಸು ಶಿಲುಬೆಯಲ್ಲಿ ಗಳಿಸಿಕೊಟ್ಟದ್ದು ಬಿಡುಗಡೆ. ಅಂಥ ಪದವನ್ನು ಕೊಲೆಗೆ ಹೊದಿಸುವ ಬಟ್ಟೆಯನ್ನಾಗಿ ಮಾಡಿಕೊಳ್ಳಲು ಯಾವ ದುಷ್ಟ ರಾಜನೂ ಬೇಕಾಗಿಲ್ಲ. ಒಳ್ಳೆಯ ಮನುಷ್ಯರು ಅರ್ಥವನ್ನು ವಿಚಾರಿಸದೆ ಅದನ್ನು ಬಳಸುತ್ತಾ ಹೋದರೆ ಸಾಕು. ಈ ಕೃತಿಯ ಮುಖ್ಯ ಸಾಧನೆ ಇದನ್ನು ಕಾಣಿಸಿದ್ದು. ಆ ಊರಿನಲ್ಲಿ ಮಾತಿನ ನಿಖರತೆಗೆ ಬಹಳ ಬೆಲೆ; ಹಸಿವಾಯಿತು ಎನ್ನುವ ಬದಲು ಹಸಿವಿನಿಂದ ಸಾಯುತ್ತಿದ್ದೇನೆ ಎಂದ ಮಗುವನ್ನು ತಿದ್ದುತ್ತಾರೆ. ತನ್ನನ್ನು ಪ್ರೀತಿಸುತ್ತೀರಾ ಎಂದು ಜೋನಾಸ್ ಕೇಳಿದಾಗ, ಅರ್ಥವೇ ಸವೆದುಹೋದ ಪದ ಬಳಸಿದನೆಂದು ತಂದೆತಾಯಿ ನಗುತ್ತಾರೆ. ಪ್ರೀತಿ ಎಂಬ ಪದ ಅವರಿಗೆ ಅಸ್ಪಷ್ಟ, ಬಿಡುಗಡೆ ಎಂಬ ಪದ ಸ್ಪಷ್ಟ.

ಇದು ಪರದೇಶದ ಕಟ್ಟುಕಥೆ, ನಮಗೇನು ಎಂದು ನೀವು ಕೇಳಬಹುದು. ಆದ್ದರಿಂದ ನಮ್ಮ ಕರಾವಳಿಯ ಒಬ್ಬ ಹೆಣ್ಣುಮಗಳನ್ನು ನೆನಪಿಸುತ್ತೇನೆ. ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಅಲ್ಲಿನ ಕೆಲಸಗಾರನೊಬ್ಬ ನಡೆಸಿದ ಬರ್ಬರ ಹಲ್ಲೆಯಿಂದ ಅವರ ಮೆದುಳಿಗೆ ಹಾನಿಯಾಗಿ, 2015ರ ಮೇ 18ರಂದು ಸಾಯುವವರೆಗೂ ಅವರು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವರಿಗೆ ಆಹಾರ ನಿಲ್ಲಿಸಿ ಸಾಯಲು ಬಿಡಬೇಕೆಂದು ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. ಅವರದ್ದೂ ಕನಿಕರವೇ, ಅದನ್ನು ನಾನು ಸಂಶಯಿಸುವುದಿಲ್ಲ. ಆದರೆ ಆ ಆಸ್ಪತ್ರೆಯ ದಾದಿಯರು ಒಪ್ಪಲಿಲ್ಲ. ಅರುಣಾ ನಮ್ಮವಳು, ನಾವು ನೋಡಿಕೊಳ್ಳುತ್ತೇವೆ ಎಂಬುದು ಅವರ ನಿಲುವು. ಒಂದು ತಲೆಮಾರಿನ ದಾದಿಯರು ನಿವೃತ್ತರಾದಾಗ ಮುಂದಿನ ತಲೆಮಾರು ಆ ಸೇವೆಯನ್ನು ವಹಿಸಿಕೊಂಡಿತು. ಅಷ್ಟು ವರ್ಷ ಮಲಗಿದ್ದರೂ ಅವರ ಮೈಯಲ್ಲಿ ಒಂದೂ ಹಾಸಿಗೆಹುಣ್ಣು ಇರಲಿಲ್ಲವೆಂದು ನ್ಯಾಯಾಲಯವೇ ಗಮನಿಸಿತು. 2011ರ ಮಾರ್ಚ್ 7ರಂದು ಅರ್ಜಿ ತಿರಸ್ಕೃತವಾಯಿತು. ಜೋನಾಸನ ಊರಿನಲ್ಲಿ ಇಲ್ಲದಿದ್ದವರು ಈ ದಾದಿಯರು.

ಇಲ್ಲಿ ಒಂದು ವಿವೇಕ ಬೇಕು. ಸಾಯುತ್ತಿರುವವರನ್ನು ಯಂತ್ರಗಳಿಗೆ ಕಟ್ಟಿಹಾಕಿ ಮರಣವನ್ನು ಎಳೆದಾಡಬೇಕೆಂದು ಧರ್ಮಸಭೆ ಎಂದೂ ಹೇಳಿಲ್ಲ. ಜಗದ್ಗುರು ಎರಡನೇ ಜಾನ್ ಪೌಲರು 1995ರ ಮಾರ್ಚ್ 25ರಂದು ಹೊರಡಿಸಿದ ‘ಇವಾಂಜೆಲಿಯುಮ್ ವೀತೆ’ ಎಂಬ ವಿಶ್ವಪತ್ರದಲ್ಲಿ ಈ ಭೇದವನ್ನು ಸ್ಪಷ್ಟಪಡಿಸಿದ್ದಾರೆ. ಫಲವಿಲ್ಲದ, ಹೊರಲಾರದ ಚಿಕಿತ್ಸೆಯನ್ನು ಬಿಡುವುದು ಮರಣವನ್ನು ಒಪ್ಪಿಕೊಳ್ಳುವುದು. ಸಾಯಲೆಂದೇ ಏನನ್ನಾದರೂ ಮಾಡುವುದು ಅಥವಾ ಮಾಡದೆ ಬಿಡುವುದು ಕೊಲ್ಲುವುದು. ನಮ್ಮ ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದು ಘನತೆಯಿಂದ ಸಾಯುವ ಹಕ್ಕನ್ನು ಮಾನ್ಯ ಮಾಡಿದ ಮೇಲೆ ಈ ಭೇದವನ್ನು ನಮ್ಮ ಮನೆಗಳಲ್ಲಿ ಅರಿತುಕೊಳ್ಳುವ ಅಗತ್ಯ ಹೆಚ್ಚಿದೆ. ಹುಟ್ಟುವ ಮೊದಲಿನ ಮಾತೂ ಇದೆ. ಗರ್ಭಪಾತದ ಕಾನೂನಿಗೆ 2021ರಲ್ಲಿ ಬಂದ ತಿದ್ದುಪಡಿಯಂತೆ, ಭ್ರೂಣದಲ್ಲಿ ಗಂಭೀರ ನ್ಯೂನತೆಯಿದೆಯೆಂದು ವೈದ್ಯಕೀಯ ಮಂಡಳಿ ತೀರ್ಮಾನಿಸಿದರೆ ವಾರಗಳ ಮಿತಿಯೇ ಇಲ್ಲ. ಇದನ್ನು ಎದುರಿಸುವ ತಾಯಂದಿರ ಸಂಕಟ ಸಣ್ಣದಲ್ಲ. ಅವರ ಮೇಲೆ ಕಲ್ಲೆಸೆಯಲು ನಾನು ಬರೆಯುತ್ತಿಲ್ಲ. ಆದರೆ ತೂಕದ ತಕ್ಕಡಿಯಲ್ಲಿ ಹಗುರವಾದ ಅವಳಿ ಮಗುವಿನ ಕಥೆಯನ್ನು ಓದಿದ ಮಗಳೊಬ್ಬಳು, ಮುಂದೊಂದು ದಿನ ವೈದ್ಯರ ಕೋಣೆಯಲ್ಲಿ ಕುಳಿತಾಗ ಒಂದು ಪ್ರಶ್ನೆಯನ್ನಾದರೂ ಹೆಚ್ಚು ಕೇಳಿಯಾಳು.

ಹನ್ನೆರಡರ ಸಮಾರಂಭವನ್ನು ಓದುವಾಗಲೂ ನನಗೆ ನಮ್ಮ ಜಿಲ್ಲೆಯೇ ಕಂಡಿತು. 2025ರ ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ಉಡುಪಿ ರಾಜ್ಯಕ್ಕೇ ಮೊದಲಾಯಿತು, ಸಂತೋಷ. ಆದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಂದ ದಿನ ನಮ್ಮ ಮನೆಗಳಲ್ಲಿ ನಡೆಯುವುದೇನು? ಇಷ್ಟು ಅಂಕವಾದರೆ ವಿಜ್ಞಾನ, ಅದಕ್ಕಿಂತ ಕಡಿಮೆಯಾದರೆ ವಾಣಿಜ್ಯ, ಇನ್ನೂ ಕಡಿಮೆಯಾದರೆ ಮಾತೇ ಇಲ್ಲ. ಅಣ್ಣನ ಮಗಳಿಗೆ ಕನ್ನಡ, ಇತಿಹಾಸಗಳಲ್ಲಿ ಆಸೆ. ಅವಳು ಓದುತ್ತಿರುವುದು ಭೌತಶಾಸ್ತ್ರ. ಆ ತೀರ್ಮಾನಕ್ಕೆ ಮೊದಲು ಅವಳ ತಂದೆ ನನ್ನ ಅಭಿಪ್ರಾಯ ಕೇಳಿದ್ದರು. ನಾನೂ ಹಿರಿಯರ ಮಂಡಳಿಯ ಸದಸ್ಯನಂತೆ ತಲೆಯಾಡಿಸಿದ್ದೆ. ಹುಡುಗಿಯನ್ನು ಯಾರೂ ಕೇಳಿರಲಿಲ್ಲ.

ಕೃತಿಯ ಕೊರತೆಗಳನ್ನೂ ಹೇಳಬೇಕು, ಹೊಗಳಿಕೆಯಷ್ಟೇ ವಿಮರ್ಶೆಯಲ್ಲ. ಮೊದಲನೆಯದಾಗಿ, ಈ ಲೋಕದ ಯಂತ್ರ ಹೇಗೆ ನಡೆಯುತ್ತದೆಂಬುದು ಕೊನೆಗೂ ಸ್ಪಷ್ಟವಾಗುವುದಿಲ್ಲ. ಬಣ್ಣ ಕಾಣದಂತೆ ಜನರನ್ನು ಹೇಗೆ ಮಾಡಿದರು, ಒಬ್ಬನು ಗಡಿ ದಾಟಿದೊಡನೆ ಅವನ ನೆನಪುಗಳು ಊರವರಿಗೆ ಹೇಗೆ ಮರಳುತ್ತವೆ ಎಂದು ಕೇಳಿದರೆ ಉತ್ತರವಿಲ್ಲ. ಇದನ್ನು ದೃಷ್ಟಾಂತವೆಂದು ಓದಿದರೆ ಸಹಿಸಿಕೊಳ್ಳಬಹುದು. ಎರಡನೆಯದಾಗಿ, ಜೋನಾಸನ ತಾಯಿ ಬರಿಯ ನೆರಳಿನಂತಿದ್ದಾಳೆ. ತಂದೆಯ ಪಾತ್ರವೂ ಸೂಜಿಯ ದೃಶ್ಯದ ನಂತರ ಮಾಯವಾಗುತ್ತದೆ. ಆ ತಂದೆಗೆ ಮುಂದೆ ನೆನಪು ಮರಳಿದಾಗ, ತಾನು ಮಾಡಿದ್ದೇನೆಂದು ತಿಳಿದಾಗ, ಅವನ ಗತಿಯೇನು? ಪಾಪನಿವೇದನೆಯ ಪೀಠದಲ್ಲಿ ವರ್ಷಗಟ್ಟಲೆ ಕುಳಿತ ನನಗೆ ಕಾದಂಬರಿಯ ಅತ್ಯಂತ ಮುಖ್ಯ ಅಧ್ಯಾಯ ಅದೇ ಆಗಿತ್ತು. ಅದನ್ನು ಲೇಖಕಿ ಬರೆಯಲೇ ಇಲ್ಲ.

ಮೂರನೆಯದು ಇನ್ನೂ ಗಂಭೀರ. ನೆನಪು ಒಳ್ಳೆಯದು, ಮರೆವು ಕೆಟ್ಟದ್ದು ಎಂದು ಅವಸರದ ಓದುಗ ತಿಳಿದುಕೊಳ್ಳುವ ಅಪಾಯವಿದೆ. ನಮಗೆ ಗೊತ್ತು, ನೆನಪು ಅಷ್ಟು ಸರಳವಲ್ಲ. 1784ರಲ್ಲಿ ಕೆನರಾದ ಕ್ರೈಸ್ತರನ್ನು ಟಿಪ್ಪುವಿನ ಸೈನಿಕರು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು; ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಅನೇಕರು; 1799ರಲ್ಲಿ ಟಿಪ್ಪು ಮಡಿದ ಮೇಲೆ ಉಳಿದವರು ಮರಳಿದರು. ಇದು ನಮ್ಮ ಕುಟುಂಬಗಳ ನೆನಪು, ಅದನ್ನು ಅಳಿಸಬೇಕಾಗಿಲ್ಲ. ಆದರೆ ಇಂದು ಅದೇ ನೆನಪನ್ನು, ಆ ಕಾಲಕ್ಕೂ ಆ ಕೃತ್ಯಕ್ಕೂ ಸಂಬಂಧವಿಲ್ಲದ ನೆರೆಯ ಅಂಗಡಿಯವನ ಮೇಲೆ ಹಗೆ ಬೆಳೆಸಲು ಬಳಸುವವರೂ ಇದ್ದಾರೆ. ನೆನಪನ್ನು ಅಳೆಯುವ ಕೋಲು ಯಾವುದು? ಕಾದಂಬರಿಯಲ್ಲೇ ಒಂದು ಸೂಚನೆಯಿದೆ, ಲೇಖಕಿ ಅದನ್ನು ಬೆಳೆಸದಿದ್ದರೂ. ರಣರಂಗದ ನೋವನ್ನು ಪಡೆದ ಮೇಲೆ ಜೋನಾಸ್ ಗೆಳೆಯರು ಯುದ್ಧದ ಆಟವಾಡುವುದನ್ನು ಕಂಡು ತಾಳಲಾರದೆ, ಅದನ್ನು ನಿಲ್ಲಿಸುವಂತೆ ಬೇಡುತ್ತಾನೆ. ಸರಿಯಾಗಿ ಪಡೆದ ನೆನಪು ಯುದ್ಧದ ಆಟವನ್ನು ನಿಲ್ಲಿಸುತ್ತದೆ. ಆಟಕ್ಕೆ ಹುಮ್ಮಸ್ಸು ಕೊಡುವ ನೆನಪು ಎಲ್ಲೋ ಕೆಟ್ಟಿದೆ ಎಂದು ತಿಳಿಯಬೇಕು. ಇನ್ನೊಂದು ವಿಷಯ: ಆ ಮುದುಕ ಹುಡುಗನಿಗೆ ನೋವಿನ ನೆನಪನ್ನು ಕೊಟ್ಟು ಒಂಟಿಯಾಗಿ ಬಿಡುವುದಿಲ್ಲ, ಜೊತೆಗೆ ಕುಳಿತಿರುತ್ತಾನೆ. ಹಿರಿಯರ ಕೈಯಿಂದ ಬರುವ ನೆನಪಿಗೂ ಫೋನಿನ ಮೂಲಕ ಬಂದು ಬೀಳುವ ನೆನಪಿಗೂ ಇರುವ ವ್ಯತ್ಯಾಸ ಇದು.

ನಾಲ್ಕನೆಯದು, ಈ ಊರಿನಲ್ಲಿ ದೇವರ ಮಾತೇ ಇಲ್ಲ. ದಾತನಿಗೆ ಅತ್ಯಂತ ಪ್ರಿಯವಾದ ನೆನಪು ಕ್ರಿಸ್ಮಸ್ ರಾತ್ರಿಯದು: ಬೆಚ್ಚಗಿನ ಕೋಣೆ, ಬಣ್ಣದ ದೀಪಗಳ ಮರ, ಉಡುಗೊರೆಗಳು, ಅಜ್ಜ ಅಜ್ಜಿ. ಆದರೆ ಗೋದಲಿ ಇಲ್ಲ, ಬಾಲ ಯೇಸುವಿಲ್ಲ. ಕುಸ್ವಾರಿನ ತಟ್ಟೆಯನ್ನಿಟ್ಟು ಹಬ್ಬದ ಬಲಿಪೂಜೆಯನ್ನು ಮರೆತಂತೆ ಇದು. ಹಾಗೆಂದು ಲೇಖಕಿಯನ್ನು ದೂರಿ ಮುಗಿಸಲಾರೆ. ಏಕೆಂದರೆ ಕೊನೆಯಲ್ಲಿ ಅವಳು ಮಾಡುವುದು ಇದು: ಬಿಡುಗಡೆಗೆ ಗೊತ್ತಾದ ಮಗುವೊಂದನ್ನು ಎದೆಗವಚಿಕೊಂಡು ಜೋನಾಸ್ ರಾತ್ರೋರಾತ್ರಿ ಸೈಕಲ್ಲಿನಲ್ಲಿ ಊರು ಬಿಡುತ್ತಾನೆ. ಮಗುವಿನ ಹೆಸರು ಗೇಬ್ರಿಯಲ್; ಶುಭವಾರ್ತೆ ತಂದ ದೂತನ ಹೆಸರು. ಹಸಿವು, ಚಳಿಗಳಲ್ಲಿ ದಾರಿ ಸವೆಸಿ, ಹಿಮದ ಬೆಟ್ಟದ ತುದಿಯಿಂದ ಕೆಳಗೆ ದೀಪಗಳಿರುವ ಮನೆಗಳನ್ನು ಕಾಣುತ್ತಾನೆ, ಸಂಗೀತವನ್ನು ಕೇಳುತ್ತಾನೆ. ಅವನು ಮುಟ್ಟಿದನೋ, ಚಳಿಯಲ್ಲಿ ಸಾಯುತ್ತಾ ಕನಸು ಕಂಡನೋ ಎಂಬುದನ್ನು ಲೇಖಕಿ ಹೇಳುವುದಿಲ್ಲ. ಉತ್ತರ ಬೇಕೆನ್ನುವವರು ಮುಂದಿನ ಪುಸ್ತಕಗಳನ್ನು ಓದಬಹುದು; 2012ರ ‘ಸನ್’ ಈ ಸರಣಿಯ ನಾಲ್ಕನೆಯದೂ ಕೊನೆಯದೂ ಆದ ಕೃತಿ. ಕೊಲ್ಲಬೇಕೆಂದ ಅರಸನಿಂದ ಒಂದು ಮಗುವನ್ನು ರಾತ್ರಿಯಲ್ಲಿ ಪಾರುಮಾಡಿದ ಸಂತ ಜೋಸೆಫರನ್ನು ಬಲ್ಲ ನಮಗೆ ಈ ದೃಶ್ಯ ಅಪರಿಚಿತವಲ್ಲ. ಹೆಸರು ಹೇಳದೆಯೂ ಲೇಖಕಿ ಗೋದಲಿಯ ಬಾಗಿಲವರೆಗೆ ಬಂದಿದ್ದಾಳೆ.

ಈ ಕೃತಿಯ ಹುಟ್ಟಿನ ಬಗ್ಗೆ ಲೌರಿಯವರೇ ಹೇಳಿದ ಸಂಗತಿಯೊಂದಿದೆ. ಅವರ ವೃದ್ಧ ತಂದೆ ಶುಶ್ರೂಷಾಲಯದಲ್ಲಿದ್ದರು, ನೆನಪು ಮಾಸುತ್ತಿತ್ತು. ಗೋಡೆಯ ಮೇಲಿದ್ದ ಹಿರಿಯ ಮಗಳ ಚಿತ್ರವನ್ನು ನೋಡಿ, ಇವಳಿಗೇನಾಯಿತು ಎಂದು ಕೇಳುತ್ತಿದ್ದರು. ಆಕೆ ಚಿಕ್ಕ ಪ್ರಾಯದಲ್ಲೇ ಕ್ಯಾನ್ಸರಿನಿಂದ ತೀರಿಕೊಂಡಿದ್ದಳು. ಆ ನೋವನ್ನು ತಂದೆ ಮರೆತಿದ್ದರು. ನೋವನ್ನು ಮರೆಯುವುದು ಎಷ್ಟು ಹಿತ ಎಂದು ಮಗಳಿಗೆ ಒಂದು ಕ್ಷಣ ಅನಿಸಿತು. ಆ ಹಿತದ ಬೆಲೆಯೇನು ಎಂಬ ಯೋಚನೆಯಿಂದ ಕಾದಂಬರಿ ಹುಟ್ಟಿತು. ಇದನ್ನು ತಿಳಿದಾಗ ಪುಸ್ತಕ ನನಗೆ ಇನ್ನಷ್ಟು ಹತ್ತಿರವಾಯಿತು. ನನ್ನ ತಾಯಿಯೂ 1981ರಲ್ಲಿ ಕಾಮಾಲೆಯಿಂದ ತೀರಿಕೊಂಡ ನನ್ನ ತಮ್ಮನನ್ನು ಈಗ ಮರೆತಿದ್ದಾರೆ. ಪ್ರತಿ ವರ್ಷ ನವೆಂಬರ್ 2ರಂದು ಅವನ ಸಮಾಧಿಯ ಮೇಲೆ ಮೊದಲ ಮೇಣದಬತ್ತಿ ಹಚ್ಚುತ್ತಿದ್ದವರು ಅವರೇ. ಈಗ ಆ ನೋವನ್ನು ಹೊರಬೇಕಾದವರು ನಾವು. ಮರೆತವರ ಪರವಾಗಿ ನೆನಪಿಡುವುದೇ ಕುಟುಂಬ. ಧರ್ಮಸಭೆಯೂ ಅದನ್ನೇ ಮಾಡುತ್ತದೆ. ಅಂತಿಮ ಭೋಜನದ ರಾತ್ರಿ ಪ್ರಭು ನಮಗೆ ಒಪ್ಪಿಸಿದ್ದು ಒಂದು ಸ್ಮರಣೆಯನ್ನು. ಆದರೆ ಅದನ್ನು ಒಬ್ಬನೇ ಧಾರಕನ ತಲೆಗೆ ಕಟ್ಟಲಿಲ್ಲ, ಮೇಜಿನ ಸುತ್ತ ಇದ್ದವರೆಲ್ಲರಿಗೂ ಕೊಟ್ಟನು.

ಮೂರನೆಯ ದಿನ ಸಂಜೆ ಪುಸ್ತಕ ಮುಗಿಯಿತು. ಮಳೆ ಸ್ವಲ್ಪ ಬಿಟ್ಟಿತ್ತು. ಅಣ್ಣನ ಮಗಳು ಅಜ್ಜಿಯ ಕೂದಲು ಬಾಚುತ್ತಿದ್ದಳು. ನಾನೇ ಮಾತು ತೆಗೆದೆ. ಒಳ್ಳೆಯ ಮರಣಕ್ಕಾಗಿ ಬೇಡುವುದು ತಪ್ಪಲ್ಲ, ಸಂತ ಜೋಸೆಫರಲ್ಲಿ ನಾವೆಲ್ಲ ಅದನ್ನೇ ಬೇಡುತ್ತೇವೆ ಎಂದೆ. ದೇವಾಲಯದಲ್ಲಿ ಬಾಲ ಯೇಸುವನ್ನು ಎತ್ತಿಕೊಂಡ ವೃದ್ಧ ಸಿಮೆಯೋನನೂ ಇನ್ನು ತನ್ನನ್ನು ಸಮಾಧಾನದಿಂದ ಕಳುಹಿಸಿಕೊಡುವಂತೆ ದೇವರನ್ನು ಕೇಳಿದನಲ್ಲ, ನಾವು ಗುರುಗಳು ಪ್ರತಿ ರಾತ್ರಿ ಮಲಗುವ ಮುನ್ನ ಆ ಗೀತೆಯನ್ನು ಪಠಿಸುತ್ತೇವೆ ಎಂದೂ ಹೇಳಿದೆ. ಗುರುಮಠದಲ್ಲಿ ಕಲಿತದ್ದೆಲ್ಲ ನೆರವಿಗೆ ಬಂತು.

ಅವಳು ಬಾಚಣಿಗೆ ನಿಲ್ಲಿಸದೆ ಹೇಳಿದಳು: “ಸಿಮೆಯೋನ ಅದನ್ನು ತನಗಾಗಿ ಕೇಳಿದ್ದು, ಬಾಪ್ಪು. ಅವನ ಪರವಾಗಿ ಬೇರೆಯವರು ಕೇಳಲಿಲ್ಲ. ನೀವು ಕೇಳಿದ್ದು ಯಾರ ಬಿಡುಗಡೆ? ಅಜ್ಜಿಯದ್ದೋ, ನಮ್ಮದೋ?”

ನನ್ನ ಬಳಿ ಉತ್ತರವಿರಲಿಲ್ಲ. ತಾಯಿಗೆ ನೋವಿರಲಿಲ್ಲ, ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ನನ್ನ ಹೆಸರು ಹೇಳಲಾರದ ತಾಯಿಯನ್ನು ನೋಡಲಾಗದೆ ಇದ್ದವನು ನಾನು. ವರ್ಷಕ್ಕೆ ಎರಡು ವಾರ ಬಂದು ಹೋಗುವವನು ಬಿಡುಗಡೆ ಬೇಡಿದೆ. ದಿನವೂ ಮೀಯಿಸಿ, ಉಣಿಸಿ, ಬಟ್ಟೆ ಬದಲಿಸುವವಳು ಆಮೆನ್ ಅನ್ನಲಿಲ್ಲ. ಕಾದಂಬರಿಯಲ್ಲೂ ಜೋನಾಸ್ ವೃದ್ಧಾಲಯದಲ್ಲಿ ಒಬ್ಬ ಮುದುಕಿಯನ್ನು ಮೀಯಿಸುವ ಚಿಕ್ಕ ದೃಶ್ಯವಿದೆ. ನಮ್ಮ ಊರುಗಳ ಎಷ್ಟೋ ಹೆಣ್ಣುಮಕ್ಕಳು, ಗಂಡುಮಕ್ಕಳು ಇಸ್ರೇಲಿನಲ್ಲಿ ಪರರ ಹೆತ್ತವರನ್ನು ಹೀಗೆ ಮೀಯಿಸುತ್ತಾ ಇಲ್ಲಿಗೆ ಹಣ ಕಳುಹಿಸುತ್ತಿದ್ದಾರೆ. ಮುಟ್ಟಿ ಸೇವೆ ಮಾಡುವವರ ಬಾಯಲ್ಲಿ ಬಿಡುಗಡೆ ಎಂಬ ಮಾತು ಬಂದರೆ ಅದಕ್ಕೊಂದು ಅಧಿಕಾರವಿದೆ, ಅವರ ಆಯಾಸವನ್ನು ನಾನು ಬಲ್ಲೆ. ದೂರದಲ್ಲಿರುವವರು ಆ ಮಾತನ್ನು ಆಡುವ ಮುನ್ನ ಒಂದು ದಿನ ಬಂದು ಸೊಂಟ ಬಗ್ಗಿಸಿ ದುಡಿಯಬೇಕು.

ಓದುಗ ಬಂಧುಗಳೇ, ಈ ಪುಸ್ತಕವನ್ನು ನಿಮ್ಮ ಮಕ್ಕಳು ಓದಬಹುದೇ ಎಂದು ನೀವು ಕೇಳಿದರೆ, ಹದಿಮೂರು ದಾಟಿದವರು ಓದಲಿ ಎನ್ನುತ್ತೇನೆ. ಭಾಷೆ ಸುಲಭ, ಅಶ್ಲೀಲವಿಲ್ಲ. ಆದರೆ ಸೂಜಿಯ ದೃಶ್ಯವನ್ನು ಮಗು ಒಂಟಿಯಾಗಿ ಓದಬಾರದು. ನೀವೂ ಓದಿ, ಜೊತೆಗೆ ಕುಳಿತು ಮಾತಾಡಿ. ಇಂಥ ಕತ್ತಲೆಯ ಕಥೆಗಳು ಮಕ್ಕಳ ಮನಸ್ಸು ಕೆಡಿಸುತ್ತವೆಂದು ಹೆದರಬೇಡಿ. ಅಂದು ಆಮೆನ್ ಹೇಳದೆ ಉಳಿಯುವ ಧೈರ್ಯ ಒಬ್ಬ ಹದಿನೇಳರ ಹುಡುಗಿಗೆ ಎಲ್ಲಿಂದ ಬಂತೆಂದು ನಾನು ಬಲ್ಲೆ. ಅರ್ಧ ಈ ಪುಸ್ತಕದಿಂದ, ಇನ್ನರ್ಧ ಅಜ್ಜಿಯ ಕೋಣೆಯಿಂದ.

ಹೊರಡುವ ಹಿಂದಿನ ಸಂಜೆ ಜಪಸರ ಮುಗಿದಾಗ, ನಮ್ಮ ಮನೆಯ ಪದ್ಧತಿಯಂತೆ ಎಲ್ಲರೂ ಹಿರಿಯರಲ್ಲಿ ಬೆಸಾಂವ್ ಕೇಳಿದರು. ನಾನೂ ತಾಯಿಯ ಮುಂದೆ ಮಂಡಿಯೂರಿದೆ. ಅವರಿಗೆ ನಾನು ಯಾರೆಂದು ತಿಳಿದಿರಲಿಲ್ಲ. ಆದರೆ ತಲೆ ಬಾಗಿದ್ದನ್ನು ಕಂಡೊಡನೆ ಹೂ ಕಟ್ಟುವ ಬೆರಳುಗಳು ನಿಂತವು, ಕೈ ಎದ್ದು ನನ್ನ ತಲೆಯ ಮೇಲೆ ಬಂತು, ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿತು. ಆ ರಾತ್ರಿ ನಾನು ಬೇರೆ ಪ್ರಾರ್ಥನೆ ಮಾಡಿದೆ. ತಾಯಿಯನ್ನು ಪ್ರಭು ತನ್ನ ಸಮಯದಲ್ಲಿ ಕರೆದುಕೊಳ್ಳಲಿ. ಅಲ್ಲಿಯವರೆಗೆ ಅವರ ಬಳಿ ಕುಳಿತಿರುವ ಶಕ್ತಿಯನ್ನು ನಮಗೆ ಕೊಡಲಿ ಎಂದು ಬೇಡಿದೆ. ಆಮೆನ್ ಎಂದವರಲ್ಲಿ ಈ ಬಾರಿ ಅಣ್ಣನ ಮಗಳೂ ಇದ್ದಳು.